ಕೂಸಿನ ತಟ್ಟೆಯಿಂದ ಶೇಂಗಾ ತೆಗೆಯುವ ಮುನ್ನ

ಕೂಸಿಗೆ ಇಸಬು ಎಂದು ಗೊತ್ತಾದ ದಿನವೇ ಪಥ್ಯದ ಪಟ್ಟಿ ಶುರುವಾಗುತ್ತದೆ. ಬದನೆಕಾಯಿ ಬ್ಯಾಡ, ನಂಜು. ಮೊಟ್ಟೆ ಬ್ಯಾಡ, ಉಷ್ಣ. ಶೇಂಗಾ ಬ್ಯಾಡ, ಪಿತ್ತ. ಹಾಲು ಕುಡಿಸಿದರೆ ಕೀವಾಗುತ್ತದೆ, ಬೆಲ್ಲ ತಿಂದರೆ ತುರಿಕೆ ಏರುತ್ತದೆ. ಪಕ್ಕದ ಮನೆಯವರು ಎರಡು ಹೇಳಿದರೆ ಸಂತೆಯಲ್ಲಿ ಸಿಕ್ಕ ನೆಂಟರು ಇನ್ನೆರಡು ಸೇರಿಸುತ್ತಾರೆ, ನಾಟಿ ಔಷಧಿ ಕೊಡುವವರು ಮತ್ತೆ ನಾಲ್ಕು. ಕೂಸಿನ್ನೂ ಎದೆಹಾಲು ಕುಡಿಯುತ್ತಿದ್ದರೆ ಪಥ್ಯ ಬಾಣಂತಿಯ ತಟ್ಟೆಗೂ ಬರುತ್ತದೆ. ಆಕೆ ತಿಂಗಳುಗಟ್ಟಲೆ ಅನ್ನ, ತಿಳಿಸಾರಿನ ಮೇಲೇ ಇರುತ್ತಾಳೆ. ಕೂಸಿನ ಗಲ್ಲದ ಮೇಲಿನ ಕೆಂಪು ಮಾತ್ರ ಹಾಗೇ ಇರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆಯ ಜೊತೆ ಸೇರಿದ್ದು ಈ ಐದು ತಾಲ್ಲೂಕು. ಕಾಲುವೆ ನೀರು ಕಂಡ ಹೊಲ ಕಡಿಮೆ, ಮಳೆ ನೆಚ್ಚಿದ ಹೊಲವೇ ಹೆಚ್ಚು. ಇಲ್ಲಿನ ಬಡವರ ಮನೆಯ ಮಗುವಿಗೆ ಅಗ್ಗವಾಗಿ ಮೈಗೆ ಹತ್ತುವ ಆಹಾರ ಯಾವುದು? ಹೊಲದಲ್ಲೇ ಬೆಳೆದ ಶೇಂಗಾ, ಮನೆ ಎಮ್ಮೆಯ ಹಾಲು ಮೊಸರು, ಶಾಲೆಯಲ್ಲಿ ಕೊಡುವ ಮೊಟ್ಟೆ. ಪಥ್ಯದ ಪಟ್ಟಿ ಮೊದಲು ಕಿತ್ತುಕೊಳ್ಳುವುದು ಸರಿಯಾಗಿ ಈ ಮೂರನ್ನೇ. ಅದಕ್ಕೇ ಈ ವಾರ ಇಸಬಿನ ಮಾತು, ಊಟದ ಮಾತು.

ಮೊದಲು ಕಾಯಿಲೆ ಯಾವುದೆಂದು ನೋಡೋಣ. ಕೂಸುಗಳಿಗೆ ಗಲ್ಲ, ಹಣೆ, ಸ್ವಲ್ಪ ದೊಡ್ಡವರಾದ ಮೇಲೆ ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆ. ಒಣಗಿ, ಕೆಂಪಾಗಿ, ರಾತ್ರಿಯಾದರೆ ನಿದ್ದೆಗೆಡಿಸುವ ತುರಿಕೆ. ಇದು ಮನೆಮಂದಿಗೆಲ್ಲ ಹಬ್ಬುವ ಕಜ್ಜಿಯಲ್ಲ, ಉಂಗುರದಂತೆ ಏಳುವ ಹುಳುಕಡ್ಡಿಯೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರಕ್ತ ಕೆಟ್ಟಿದೆ ಎಂದು ಬಹಳ ಮಂದಿ ನಂಬಿದ್ದಾರೆ, ಆದರೆ ಕೆಟ್ಟಿರುವುದು ಚರ್ಮದ ಮೇಲ್ಪದರ. ಆ ಪದರವನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನ್‌ನಲ್ಲಿ ದೋಷ ಇದ್ದವರಿಗೆ ಇಸಬು ಬರುವ ಸಂಭವ ಬಹಳ ಹೆಚ್ಚು ಎಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ತಂಡ ತೋರಿಸಿತು. ನಮ್ಮ ಕಡೆಯ ಮಾಳಿಗೆ ಮನೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಮೇಲೆ ಕರಲು ಮಣ್ಣು ಹಾಕಿ ತುಳಿಯದಿದ್ದರೆ ಮಾಳಿಗೆ ಸೋರುತ್ತದೆ. ಇಸಬಿನ ಚರ್ಮವೂ ಹೀಗೇ ಸೋರುತ್ತದೆ, ಅದೂ ಎರಡು ಕಡೆಯಿಂದ. ಒಳಗಿನ ನೀರು ಹೊರಗೆ ಹೋಗಿ ಮೈ ಒಣಗುತ್ತದೆ. ಹೊರಗಿನ ಧೂಳು, ಸೋಪು, ಕ್ರಿಮಿ, ಹಿಟ್ಟು ಒಳಗೆ ಇಳಿಯುತ್ತವೆ.

ಈ ಕೊನೆಯ ಮಾತಿನಲ್ಲೇ ಇವತ್ತಿನ ವಿಷಯದ ತಿರುಳಿದೆ. ಅದಕ್ಕೆ ಶೇಂಗಾದ ಕಥೆ ಹೇಳಬೇಕು.

ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಅವರ ಸಂಗಡಿಗರು 2008ರಲ್ಲಿ ಒಂದು ಹೋಲಿಕೆ ಮಾಡಿದರು. ಬ್ರಿಟನ್ನಿನಲ್ಲಿ ಬೆಳೆದ ಯಹೂದಿ ಮಕ್ಕಳಲ್ಲಿ ಶೇಂಗಾ ಅಲರ್ಜಿ ನೂರಕ್ಕೆ 1.85, ಇಸ್ರೇಲಿನಲ್ಲಿ ಬೆಳೆದವರಲ್ಲಿ ನೂರಕ್ಕೆ 0.17. ಒಂದೇ ಮೂಲದ ಮಕ್ಕಳು, ವ್ಯತ್ಯಾಸ ಹತ್ತು ಪಟ್ಟು! ಬ್ರಿಟನ್ನಿನ ತಾಯಂದಿರು ವೈದ್ಯರ ಮಾತು ಕೇಳಿ ಮಕ್ಕಳಿಗೆ ಶೇಂಗಾ ಮುಟ್ಟಿಸುತ್ತಿರಲಿಲ್ಲ. ಇಸ್ರೇಲಿನ ಮಕ್ಕಳು ವರ್ಷ ತುಂಬುವ ಮೊದಲೇ ಶೇಂಗಾ ಹಾಕಿ ಮಾಡಿದ ಮೆತ್ತನೆಯ ಕುರುಕಲು ತಿನ್ನುತ್ತಿದ್ದರು. ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದೆಂದು ಲ್ಯಾಕ್ ತಂಡ ದೊಡ್ಡ ಪ್ರಯೋಗಕ್ಕೆ ಕೈಹಾಕಿತು. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳು, ವಯಸ್ಸು 4ರಿಂದ 11 ತಿಂಗಳು. ಮೊದಲು ಪರೀಕ್ಷೆ ಮಾಡಿ, ಅರ್ಧ ಮಕ್ಕಳಿಗೆ ಐದು ವರ್ಷ ತುಂಬುವವರೆಗೆ ಶೇಂಗಾ ಪೂರ್ತಿ ಬಂದ್ ಮಾಡಿದರು, ಇನ್ನರ್ಧ ಮಕ್ಕಳಿಗೆ ವಾರವಾರ ತಿನ್ನಿಸಿದರು. 2015ರಲ್ಲಿ ಫಲಿತಾಂಶ ಬಂತು. ಬಿಟ್ಟವರಲ್ಲಿ ನೂರಕ್ಕೆ 17 ಮಕ್ಕಳಿಗೆ ಶೇಂಗಾ ಅಲರ್ಜಿ, ತಿಂದವರಲ್ಲಿ ಕೇವಲ 3. ಜಗತ್ತಿನ ವೈದ್ಯರು ಅಲ್ಲಿಯವರೆಗೆ ಕೊಡುತ್ತಿದ್ದ ಸಲಹೆ ತಲೆಕೆಳಗಾಯಿತು.

ಹೀಗೇಕೆ ಆಗುತ್ತದೆ? ಲ್ಯಾಕ್ ಅವರ ವಿವರಣೆ ಸರಳ. ಆಹಾರ ಬಾಯಿಂದ ಹೊಟ್ಟೆಗೆ ಹೋದರೆ ದೇಹ ಅದನ್ನು ತನ್ನದೆಂದು ಒಪ್ಪಿಕೊಳ್ಳಲು ಕಲಿಯುತ್ತದೆ. ಅದೇ ಆಹಾರ ಬಿರುಕು ಬಿಟ್ಟ ಚರ್ಮದಿಂದ ಒಳನುಗ್ಗಿದರೆ ದೇಹ ಅದನ್ನು ಶತ್ರುವೆಂದು ಗುರುತಿಸುತ್ತದೆ. ಮನೆಯಲ್ಲಿ ಎಲ್ಲರೂ ಶೇಂಗಾ ತಿನ್ನುತ್ತಿದ್ದು, ಕೂಸಿಗೆ ಮಾತ್ರ ಪಥ್ಯ ಎಂದಾದರೆ, ಅದರ ಚರ್ಮಕ್ಕೆ ಮಾತ್ರ ಶೇಂಗಾ ತಾಗುತ್ತದೆ, ಹೊಟ್ಟೆಗೆ ತಾಗುವುದಿಲ್ಲ. ಅಲರ್ಜಿ ಹುಟ್ಟಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಈಗ ನಮ್ಮ ಹಳ್ಳಿಯ ಒಂದು ಪಡಸಾಲೆಗೆ ಬನ್ನಿ. ಮುಂಗಾರು ಹತ್ತಿರ ಬಂತೆಂದರೆ ಬಿತ್ತನೆಗೆ ಶೇಂಗಾ ಸುಲಿಯುವ ಕೆಲಸ. ಚೀಲ ಸುರಿದುಕೊಂಡು ಅಜ್ಜಿ, ಸೊಸೆಯಂದಿರು, ಓಣಿಯ ಹೆಣ್ಣುಮಕ್ಕಳು ಸುತ್ತ ಕೂತಿರುತ್ತಾರೆ. ಬೆರಳಿನ ನಡುವೆ ಕಾಯಿ ಚಿಟ್ ಎಂದು ಒಡೆಯುತ್ತದೆ, ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ. ಬೀಜದ ಮೇಲಿನ ಕೆಂಪು ಹೊಟ್ಟು ಗಾಳಿಗೆ ಹಾರಿ ಕೌದಿಯ ಮೇಲೆ, ತೊಟ್ಟಿಲ ಬಟ್ಟೆಯ ಮೇಲೆ ಕೂರುತ್ತದೆ. ಅದೇ ಪಡಸಾಲೆಯಲ್ಲಿ ಇಸಬಿನ ಕೂಸು ಅಂಬೆಗಾಲಿಡುತ್ತಿರುತ್ತದೆ. ಅದರ ಕೆರೆದ ಮೊಣಕಾಲಿಗೆ ಆ ಹೊಟ್ಟು ಮೆತ್ತಿಕೊಂಡಿರುತ್ತದೆ. ಕೆಲವು ಮನೆಗಳಲ್ಲಿ ಮೈಗೆ ತಿಕ್ಕುವುದೂ ಶೇಂಗಾ ಎಣ್ಣೆಯೇ. ಇಷ್ಟೆಲ್ಲ ಆಗಿಯೂ ಊಟದ ಹೊತ್ತಿಗೆ, 'ಅದಕ್ಕ ಶೇಂಗಾ ಹಿಂಡಿ ಹಚ್ಚಬ್ಯಾಡ್ರಿ, ಮೈ ಕೆರೀತತಿ' ಎಂಬ ಮಾತು.

ಇದಕ್ಕೆ ನಾವು ಮಾಡಬೇಕಾದ್ದು ಉಲ್ಟಾ. ಶೇಂಗಾ ಸುಲಿಯುವ ಜಾಗಕ್ಕೆ ಇಸಬಿನ ಕೂಸನ್ನು ಬಿಡಬೇಡಿ. ಸುಲಿದ ಕೈ ತೊಳೆಯದೆ ಎತ್ತಿಕೊಳ್ಳಬೇಡಿ. ಬಿರುಕು ಬಿಟ್ಟ ಮೈಗೆ ಶೇಂಗಾ ಎಣ್ಣೆ ಬೇಡ. ಆರು ತಿಂಗಳು ತುಂಬಿ ಮೇಲೂಟ ಶುರುವಾದಾಗ ಊಟದಲ್ಲಿ ಶೇಂಗಾ ಇರಲಿ. ಹುರಿದು, ಖಾರ ಹಾಕದೆ, ನುಣ್ಣಗೆ ಕುಟ್ಟಿ, ಗಂಜಿಯಲ್ಲೋ ಮೆತ್ತನೆ ಅನ್ನದಲ್ಲೋ ಕಲಸಿ ಕೊಡಿ. ಲಂಡನ್ನಿನ ಪ್ರಯೋಗದಲ್ಲಿ ವಾರಕ್ಕೆ 6 ಗ್ರಾಂ ಶೇಂಗಾ ಪ್ರೋಟೀನನ್ನು ಮೂರು ಊಟಕ್ಕೆ ಹಂಚಿ ಕೊಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ವಾರಕ್ಕೆ ಸುಮಾರು 25 ಗ್ರಾಂ ಬೀಜ. ಇಡೀ ಬೀಜ ಮಾತ್ರ ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿ ಜೀವಕ್ಕೆ ಕುತ್ತು. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಮೈತುಂಬ ತೀವ್ರ ಇಸಬು ಇದ್ದರೆ, ಅಥವಾ ಮೊಟ್ಟೆ ತಿಂದಾಗ ಮೈಮೇಲೆ ಗಂಧೆ ಎದ್ದಿದ್ದರೆ, ಶೇಂಗಾ ಶುರುಮಾಡುವ ಮುಂಚೆ ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಹೇಳಿದಂತೆ ಮಾಡಿ.

ಕಡಲೆ ಹಿಟ್ಟು, ಹೆಸರು ಹಿಟ್ಟು ಹಚ್ಚಿ ಎರೆಯುವ ಪದ್ಧತಿಗೂ ಇದೇ ಮಾತು. ಗಟ್ಟಿ ಚರ್ಮದ ಕೂಸಿಗೆ ಅದರಿಂದ ತೊಂದರೆ ಆಗದೇ ಇರಬಹುದು. ಬಿರುಕು ಬಿಟ್ಟ ಚರ್ಮಕ್ಕೆ ತಿನ್ನುವ ಕಾಳನ್ನು ಉಜ್ಜುವುದು ಸಲ್ಲ. ಜಪಾನಿನಲ್ಲಿ ಗೋಧಿಯ ಪ್ರೋಟೀನ್ ಬೆರೆಸಿದ ಮುಖದ ಸೋಪೊಂದು ಬಹಳ ಮಾರಾಟವಾಗಿತ್ತು. ಅದನ್ನು ದಿನಾ ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಆಮೇಲೆ ಗೋಧಿ ತಿಂದರೆ ಆಗದಂತಾಯಿತು. ಅದುವರೆಗೆ ಅವರು ಗೋಧಿಯನ್ನು ತಿಂದು ಅರಗಿಸಿಕೊಂಡಿದ್ದವರೇ.

ಇನ್ನು ಬದನೆಕಾಯಿ. ಹಿರಿಯರ ಮಾತಿನಲ್ಲಿ ಪೂರಾ ಸುಳ್ಳಿಲ್ಲ, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 741 ಜನರನ್ನು ಬದನೆಯ ವಿಚಾರದಲ್ಲೇ ಪರೀಕ್ಷಿಸಿ 2008ರಲ್ಲಿ ವರದಿ ಕೊಟ್ಟರು. ನೂರಕ್ಕೆ ಸುಮಾರು 9 ಮಂದಿಗೆ ಬದನೆ ಒಂದಿಲ್ಲೊಂದು ರೀತಿ ಒಗ್ಗುತ್ತಿರಲಿಲ್ಲ, ಅದರಲ್ಲೂ ಹೆಂಗಸರೇ ಹೆಚ್ಚು. ಆದರೆ ನಿಜವಾದ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಬದನೆಯಲ್ಲಿ ಹಿಸ್ಟಮಿನ್ ಎಂಬ ತುರಿಕೆ ತರುವ ವಸ್ತು ಇದೆ, ಕೆಲವರಿಗೆ ಬಾಯಿ ಕೆರೆಯುವುದು ಅದರಿಂದ. ಎಣ್ಣೆಗಾಯಿ ತಿಂದಾಗಲೆಲ್ಲ ತುರಿಕೆ ಏರಿದರೆ ಬಿಡಿ, ನಷ್ಟವೇನಿಲ್ಲ, ಹೀರೆ ಇದೆ, ಸೌತೆ ಇದೆ. ಏರದಿದ್ದರೆ ಪಾಪದ ಬದನೆಯನ್ನು ಬಿಡುವ ಕಾರಣವೂ ಇಲ್ಲ. ಟೊಮೆಟೊ, ನಿಂಬೆ, ಹುಣಸೆ ಹುಳಿ ಕೂಸಿನ ತುಟಿ ಸುತ್ತ ಕೆಂಪು ಮಾಡುವುದು ಬಹಳ ಸಲ ಬರೀ ಉರಿ, ಅಲರ್ಜಿಯಲ್ಲ. ಉಣ್ಣಿಸುವ ಮುಂಚೆ ಬಾಯಿ ಸುತ್ತ ಒಂಚೂರು ವ್ಯಾಸಲೀನ್ ಸವರಿದರೆ ಸಾಕು.

ಬದನೆ ಬಿಟ್ಟರೆ ನಡೆಯುತ್ತದೆ. ಹಾಲು, ಮೊಟ್ಟೆ ಬಿಟ್ಟರೆ ನಡೆಯುವುದಿಲ್ಲ. 'ರಕ್ತ ಪರೀಕ್ಷೆಯಲ್ಲೇ ಬಂದಿದೆಯಲ್ಲ' ಎಂದು ಲ್ಯಾಬಿನ ಕಾಗದ ತೋರಿಸುವವರು ಈಗ ತಾಲ್ಲೂಕು ಊರುಗಳಲ್ಲೂ ಇದ್ದಾರೆ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಅಲರ್ಜಿ ಪ್ಯಾಕೇಜು, ಉದ್ದದ ಪಟ್ಟಿ, ಹತ್ತಾರು ಪದಾರ್ಥದ ಮುಂದೆ ಪಾಸಿಟಿವ್. ಇದನ್ನು ಓದುವುದು ಹೇಗೆಂದು ನಮ್ಮ ರಾಜ್ಯದ್ದೇ ಅಧ್ಯಯನ ಹೇಳಿಕೊಡುತ್ತದೆ. ಯುರೋಪಿನ ದೊಡ್ಡ ಯೋಜನೆಯೊಂದರ ಭಾಗವಾಗಿ ಬೆಂಗಳೂರು, ಮೈಸೂರಿನ ವಯಸ್ಕರನ್ನು ಪರೀಕ್ಷಿಸಲಾಯಿತು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ ನೂರಕ್ಕೆ 26 ಜನರ ರಕ್ತ ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್ ತೋರಿಸಿತು. ತಿಂದರೆ ನಿಜವಾಗಿ ತೊಂದರೆ ಆಗುವ ಸಂಭವ ಇದ್ದವರು ನೂರಕ್ಕೆ 1.2 ಮಾತ್ರ. ಉಳಿದವರಲ್ಲಿ ಅಂಥ ಅಲರ್ಜಿ ಕಂಡುಬರಲಿಲ್ಲ. ಬೆಂಗಳೂರಿನ ಶಾಲಾ ಮಕ್ಕಳ ಲೆಕ್ಕ 2020ರಲ್ಲಿ ಬಂತು, ಅದು ಇನ್ನೂ ಕಡಿಮೆ, ನೂರಕ್ಕೆ 0.14. ಅದೇ ಅಧ್ಯಯನದಲ್ಲಿ ಹಾಂಗ್‌ಕಾಂಗಿನ ಮಕ್ಕಳದ್ದು ನೂರಕ್ಕೆ 1.5. ಕಾಗದದ ಮೇಲಿನ ಪಾಸಿಟಿವ್ ಅಷ್ಟರಿಂದಲೇ ಮಗುವಿನ ಹಾಲು ನಿಲ್ಲಿಸುವುದು ಎಷ್ಟು ಅನ್ಯಾಯ ನೋಡಿ.

ಹಾಗೆಂದು ಇಸಬಿಗೂ ಆಹಾರಕ್ಕೂ ಸಂಬಂಧವೇ ಇಲ್ಲ ಎಂದರೆ ಅದೂ ತಪ್ಪು. ತೀವ್ರ ಇಸಬು ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಯಾವುದಾದರೂ ಆಹಾರದ ಅಲರ್ಜಿ ಜೊತೆಗಿರುತ್ತದೆ, ಸೌಮ್ಯ ಇಸಬಿನಲ್ಲಿ ಇದು ಬಹಳ ಕಡಿಮೆ. ನಿಜವಾದ ಅಲರ್ಜಿಯ ಲಕ್ಷಣ ಎದ್ದು ಕಾಣುತ್ತದೆ. ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ ಏಳುತ್ತದೆ, ತುಟಿ ಕಣ್ಣು ಊದುತ್ತವೆ, ವಾಂತಿಯಾಗುತ್ತದೆ. ಉಬ್ಬಸ ಬಂದರೆ, ಕೂಸು ಸೋತು ಬಿದ್ದರೆ, ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಹೀಗೆ ಆದ ಆಹಾರವನ್ನು ಮನೆಯಲ್ಲಿ ಮತ್ತೆ ಕೊಟ್ಟು ನೋಡಲೇಬಾರದು. ಇಂಥದ್ದೇನೂ ಇಲ್ಲದೆ, ಒಂದು ಆಹಾರದಿಂದ ತುರಿಕೆ ನಿಧಾನವಾಗಿ ಏರುತ್ತದೆ ಎಂಬ ಗುಮಾನಿ ಮಾತ್ರ ಇದ್ದರೆ, ವೈದ್ಯರ ಜೊತೆ ಮಾತಾಡಿ ಅದೊಂದನ್ನೇ ಎರಡು ವಾರದಿಂದ ನಾಲ್ಕು ವಾರ ಬಿಟ್ಟು, ಅವರ ಕಣ್ಗಾವಲಿನಲ್ಲೇ ಮತ್ತೆ ಶುರುಮಾಡಿ ನೋಡಬೇಕು. ಎಲ್ಲ ಒಟ್ಟಿಗೆ ಬಿಟ್ಟರೆ ಯಾವುದರಿಂದ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಪಥ್ಯದಿಂದ ಆಗುವ ಲಾಭ ಎಷ್ಟು? ಜಗತ್ತಿನ ಹತ್ತು ಪ್ರಯೋಗಗಳನ್ನು ಕೂಡಿಸಿ 2022ರಲ್ಲಿ ಲೆಕ್ಕ ಹಾಕಿದ್ದಾರೆ. ಆಹಾರ ಬಿಟ್ಟವರಲ್ಲಿ ನೂರಕ್ಕೆ 50 ಮಂದಿಗೆ ಇಸಬು ಗಮನಕ್ಕೆ ಬರುವಷ್ಟು ತಗ್ಗಿತು, ಏನೂ ಬಿಡದವರಲ್ಲಿ ನೂರಕ್ಕೆ 41 ಮಂದಿಗೆ. ಇಸಬು ತನ್ನಷ್ಟಕ್ಕೆ ಏರಿ ಇಳಿಯುವ ಕಾಯಿಲೆ, ಬದನೆ ಬಿಟ್ಟ ತಿಂಗಳಲ್ಲಿ ಇಳಿದರೆ ಬದನೆಗೆ ಕೆಟ್ಟ ಹೆಸರು ಬರುತ್ತದೆ. ಇನ್ನು ಅಪಾಯ ಎಷ್ಟು? ಅಮೆರಿಕದ ಷಿಕಾಗೊದಲ್ಲಿ, ಆಹಾರದಿಂದ ಇಸಬು ಏರುತ್ತದೆ ಎಂದು ಗುರುತಿಸಿದ ಮಕ್ಕಳನ್ನು ಪಥ್ಯಕ್ಕೆ ಹಾಕಿ ಗಮನಿಸಿದರು. ಮೊದಲು ಎಂದೂ ದಿಢೀರ್ ಅಲರ್ಜಿ ಕಾಣದ ಮಕ್ಕಳಲ್ಲಿ ನೂರಕ್ಕೆ 19 ಮಂದಿಗೆ ಪಥ್ಯ ಶುರುವಾದ ಮೇಲೆ ಅದು ಹೊಸದಾಗಿ ಕಾಣಿಸಿಕೊಂಡಿತು ಎಂದು 2016ರಲ್ಲಿ ಬರೆದರು. ದಿನಾ ತಿನ್ನುತ್ತಿದ್ದದ್ದನ್ನು ನಿಲ್ಲಿಸಿ ತಿಂಗಳ ಮೇಲೆ ಮತ್ತೆ ಕೊಟ್ಟಾಗ ದೇಹ ತಿರುಗಿಬಿದ್ದಿತ್ತು. ಬಾಣಂತಿ ಪಥ್ಯ ಮಾಡಿದರೆ ಕೂಸಿಗೆ ಇಸಬು ಬರದಂತೆ ತಡೆಯಬಹುದು ಎಂಬುದಕ್ಕೂ ಆಧಾರ ಸಿಕ್ಕಿಲ್ಲ. ಅವಳು ಹೊಟ್ಟೆ ತುಂಬ ಉಣ್ಣಲಿ.

ನನಗೆ ನಿಜಕ್ಕೂ ಸಂಕಟವಾಗುವುದು ಶಾಲೆಯ ಮೊಟ್ಟೆಯ ವಿಷಯದಲ್ಲಿ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಕೆಲಸ 2021ರ ಡಿಸೆಂಬರಿನಲ್ಲಿ ಮೊದಲು ಶುರುವಾದದ್ದು ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ. ಕಾರಣ ಎಲ್ಲರಿಗೂ ಗೊತ್ತು, ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚು. ಅದಕ್ಕೂ ಮುಂಚೆ, 2013ರ ಆಗಸ್ಟಿನಿಂದ, ಕ್ಷೀರಭಾಗ್ಯದ ಹಾಲು ಇದೆ. ಮನೆಯ ನಂಬಿಕೆಗೋ ಮಗುವಿನ ಇಷ್ಟಕ್ಕೋ ಮೊಟ್ಟೆ ಬೇಡವೆಂದರೆ ಅದು ಬೇರೆ ಮಾತು, ಬಾಳೆಹಣ್ಣು ಇದೆ. ಇಸಬಿನ ಮಗುವಿನ ಕೈಯಿಂದ ಮಾತ್ರ 'ನಿನಗೆ ಆಗಿಬರೂದಿಲ್ಲ' ಎಂದು ಮೊಟ್ಟೆ, ಹಾಲು ಎರಡನ್ನೂ ಕಿತ್ತುಕೊಂಡರೆ ಆ ಮಗು ಕಳೆದುಕೊಳ್ಳುವುದು ಚರ್ಮ ಕಟ್ಟಲು ಬೇಕಾದ ಪ್ರೋಟೀನನ್ನೇ. ಪ್ರೋಟೀನ್, ಸತುವು ತೀರಾ ಕಡಿಮೆಯಾದರೆ ಚರ್ಮ ತಾನಾಗಿಯೇ ಸುಲಿಯುತ್ತದೆ, ಗಾಯ ಮಾಯುವುದಿಲ್ಲ. ಕಬ್ಬಿಣದ ಅಂಶ ಇಳಿದರೆ ತುರಿಕೆ ಹೆಚ್ಚುವುದೂ ಉಂಟು. ಆಗ ಮನೆಯವರು ಇಸಬು ಜಾಸ್ತಿಯಾಯಿತೆಂದು ಪಥ್ಯವನ್ನು ಇನ್ನೂ ಬಿಗಿ ಮಾಡುತ್ತಾರೆ.

ಹಾಗಾದರೆ ಇಸಬಿನವರು ಏನು ಉಣ್ಣಬೇಕು? ಇಸಬನ್ನು ವಾಸಿಮಾಡುವ ಊಟ ಎಂಬುದೊಂದಿಲ್ಲ, ಹಾಗೆ ಹೇಳಿ ಪುಡಿ, ಮಾತ್ರೆ ಮಾರುವವರನ್ನು ನಂಬಬೇಡಿ. ಚರ್ಮಕ್ಕೆ ಬಲ ಕೊಡುವ ಊಟ ಇದೆ, ಅದು ನಮ್ಮ ಅಡುಗೆಮನೆಯಲ್ಲೇ ಇದೆ. ಜೋಳದ ರೊಟ್ಟಿ, ಕೂಡ್ಲಿಗಿ ಕಡೆಯಾದರೆ ರಾಗಿಮುದ್ದೆ, ಸಜ್ಜೆ, ನವಣೆ. ಮಡಿಕೆ, ಹೆಸರು, ಹುರುಳಿಯ ಮೊಳಕೆ ಕಾಳು. ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ನುಗ್ಗೆ ಸೊಪ್ಪು. ಮೊಸರು, ಮೊಟ್ಟೆ, ತಿನ್ನುವವರಿಗೆ ಮೀನು. ಕಾಳು ಸೊಪ್ಪಿನ ಊಟಕ್ಕೆ ನಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅರ್ಧ ಫಲ ಹೋಯಿತು.

ಎಣ್ಣೆಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಚರ್ಮದ ಕಣಗಳ ನಡುವೆ ನೀರು ಸೋರದಂತೆ ತಡೆಯುವ ಜಿಡ್ಡಿನ ಪದರ ಇದೆ. ಅದನ್ನು ಕಟ್ಟಲು ಲಿನೋಲೆಯಿಕ್ ಆಮ್ಲ ಎಂಬ ಕೊಬ್ಬಿನಂಶ ಬೇಕೇಬೇಕು, ದೇಹ ಅದನ್ನು ತಾನೇ ತಯಾರಿಸಲಾರದು. 1929ರಲ್ಲೇ ಅಮೆರಿಕದ ಬರ್ ದಂಪತಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು, ಅವುಗಳ ಚರ್ಮ ಒಣಗಿ ಹೊಟ್ಟೇಳುವುದನ್ನು ತೋರಿಸಿದ್ದರು. ಕುಸುಬೆ ಎಣ್ಣೆಯಲ್ಲಿ ಈ ಅಂಶ ಮುಕ್ಕಾಲು ಪಾಲು ಇರುತ್ತದೆ, ಪಾಮ್ ಎಣ್ಣೆಯಲ್ಲಿ ಹತ್ತರಲ್ಲೊಂದು ಪಾಲು. ಎರೆಹೊಲದ ಜೋಳದ ಜೊತೆ ಕುಸುಬೆ ಸಾಲು ಹಾಕುತ್ತಿದ್ದ ಕಾಲದಲ್ಲಿ ಇದು ದುಡ್ಡು ಕೊಡದೆ ಸಿಗುತ್ತಿತ್ತು. ಕುಸುಬೆ, ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆ ಮಿತವಾಗಿ ಇದ್ದರೆ ಆ ಕೊರತೆ ಆಗುವುದಿಲ್ಲ. ಕುಸುಬೆ ಎಣ್ಣೆ ತಿಂದರೆ ಇಸಬು ಹೋಗುತ್ತದೆ ಎಂದಲ್ಲ. ಈವ್ನಿಂಗ್ ಪ್ರಿಮ್‌ರೋಸ್ ಎಂಬ ದುಬಾರಿ ಎಣ್ಣೆಯ ಮಾತ್ರೆಗಳನ್ನು ಹಾಗೆ ನಂಬಿ ವರ್ಷಗಟ್ಟಲೆ ಮಾರಿದರು. 2013ರಲ್ಲಿ ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಇಸಬಿಗೆ ಅದರಿಂದ ಉಪಯೋಗವೇ ಇರಲಿಲ್ಲ. ಪ್ರೊಬಯಾಟಿಕ್ ಮಾತ್ರೆಗಳ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ಆ ದುಡ್ಡಿಗೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ತಿಂಗಳುಗಟ್ಟಲೆ ಆದೀತು.

ಉಪ್ಪಿನ ಮೇಲೆ ಈಗ ಕಣ್ಣು ಬಿದ್ದಿದೆ. ಬ್ರಿಟನ್ನಿನ ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ 2024ರಲ್ಲಿ ಹೇಳಿದ್ದು ಇದು: ದೇಹದಿಂದ ದಿನಕ್ಕೆ ಒಂದು ಗ್ರಾಂ ಸೋಡಿಯಂ ಹೆಚ್ಚು ಹೊರಹೋಗುವವರಲ್ಲಿ ಇಸಬಿನ ಸಂಭವ ನೂರಕ್ಕೆ 11ರಷ್ಟು ಹೆಚ್ಚು. ಒಂದು ಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಉಪ್ಪು. ಉಪ್ಪೇ ಕಾರಣವೆಂದು ಇದರಿಂದ ಸಾಬೀತಾಗಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎಂದು ಹೇಳುತ್ತಲೇ ಬಂದಿದೆ, ಕಡಿಮೆ ಮಾಡಿದರೆ ಬಿಪಿಗಂತೂ ಒಳ್ಳೆಯದು. ಕಿರಾಣಿ ಅಂಗಡಿಯಲ್ಲಿ ಮಾಲೆಯಾಗಿ ತೂಗುವ ಐದು ರೂಪಾಯಿಯ ಕುರುಕಲು ಪೊಟ್ಟಣ ಮೊದಲು ನಿಲ್ಲಲಿ. ಮಗುವಿಗೆ ಪಥ್ಯ ಬೇಕೆಂದರೆ ಈ ಪಥ್ಯ ಮಾಡಿ, ಐದು ವರ್ಷ ದಾಟಿದ ಮಗುವಿಗೆ ಅದೇ ದುಡ್ಡಿಗೆ ಬೇಯಿಸಿದ ಶೇಂಗಾ ಬರುತ್ತದೆ.

ದೊಡ್ಡವರ ಇಸಬಿನಲ್ಲಿ ಊಟಕ್ಕಿಂತ ಕೈಗಳ ಕಡೆ ನೋಡಬೇಕು. ದಿನವಿಡೀ ಬೆಳ್ಳುಳ್ಳಿ ಸುಲಿಯುವವರಿಗೆ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಬಿರಿದಿರುತ್ತದೆ. ಬೆಳ್ಳುಳ್ಳಿ ಹಿಡಿಯುವುದು ಆ ಮೂರು ಬೆರಳಲ್ಲೇ. ಅವರು ಬೆಳ್ಳುಳ್ಳಿ ತಿನ್ನುವುದನ್ನು ಬಿಟ್ಟು ಸುಲಿಯುವುದನ್ನು ಮುಂದುವರಿಸಿದರೆ ಏನು ಬಂತು? ಹೊಲದಲ್ಲಿ ದುಡಿಯುವ ನಡುವಯಸ್ಸಿನವರಿಗೆ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕಪ್ಪಾಗಿ ದಪ್ಪಗಟ್ಟಿದ ಇಸಬು ಬಂದು, ಮಳೆಗಾಲದಲ್ಲಿ ಏರುತ್ತಿದ್ದರೆ ಗುಮಾನಿ ಪಡಬೇಕಾದ್ದು ಕಾಂಗ್ರೆಸ್ ಕಸದ ಮೇಲೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಕಳೆ ಇವತ್ತು ಕೊಟ್ಟೂರಿನ ಬದುವಿನಲ್ಲೂ ಇದೆ, ಹಡಗಲಿಯ ಮಲ್ಲಿಗೆ ತೋಟದ ಬೇಲಿಯಲ್ಲೂ ಇದೆ. ಅದರ ಪಾರ್ಥೆನಿನ್ ಎಂಬ ವಸ್ತು ಎಲೆಯ ಪುಡಿಯಾಗಿ, ಧೂಳಾಗಿ ಮೈಮೇಲೆ ಕೂರುತ್ತದೆ. ವರ್ಷಗಟ್ಟಲೆ ಬದನೆ, ಮಾಂಸ, ಬೆಲ್ಲ ಬಿಟ್ಟು ನೊಂದ ರೈತರು ತುಂಬು ತೋಳಿನ ಅಂಗಿ ಹಾಕಿ, ಹೊಲದಿಂದ ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆ ಬೇರೆ ಇಟ್ಟರೆ ಪಥ್ಯಕ್ಕಿಂತ ಹೆಚ್ಚು ಸುಖ ಕಂಡಾರು.

ಇನ್ನು ಬೋರಿನ ಸವಳು ನೀರು. ಇಸಬಿರುವ 336 ಮಕ್ಕಳ ಮನೆಗಳಲ್ಲಿ ನೀರು ಮೆದು ಮಾಡುವ ಯಂತ್ರ ಇಟ್ಟು ಇಂಗ್ಲೆಂಡಿನಲ್ಲಿ ನೋಡಿದರು. 2011ರಲ್ಲಿ ಬಂದ ಉತ್ತರ, ಅದರಿಂದ ಹೆಚ್ಚಿನ ಪ್ರಯೋಜನ ಇಲ್ಲ. ಯಂತ್ರಕ್ಕೆ ದುಡ್ಡು ಹಾಕಬೇಡಿ. ಸವಳು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ಸೋಪನ್ನು ಮತ್ತೆ ಮತ್ತೆ ಉಜ್ಜುವುದನ್ನು ಮಾತ್ರ ನಿಲ್ಲಿಸಿ.

ಇಸಬಿನ ಮುಖ್ಯ ಮದ್ದು ಜಿಡ್ಡು, ಅದೂ ಹೊರಗಿನಿಂದ. ಬೆಚ್ಚನೆಯ ನೀರಿನಲ್ಲಿ ಬೇಗ ಸ್ನಾನ ಮುಗಿಸಿ, ಮೈ ಒತ್ತಿ ಒರೆಸಿ, ಇನ್ನೂ ಹಸಿ ಇರುವಾಗಲೇ ವ್ಯಾಸಲೀನಿನಂಥ ಜೆಲ್ಲಿಯನ್ನೋ ವಾಸನೆ ಬೆರೆಸದ ಕ್ರೀಮನ್ನೋ ಧಾರಾಳವಾಗಿ ಸವರಬೇಕು. ಶುದ್ಧ ಕೊಬ್ಬರಿ ಎಣ್ಣೆಯೂ ಆದೀತು. ಫಿಲಿಪೀನ್ಸಿನಲ್ಲಿ 117 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಎಂಟು ವಾರದ ನಂತರ ಮಿನರಲ್ ಎಣ್ಣೆಗಿಂತ ಅದು ಒಳ್ಳೆಯ ಫಲ ಕೊಟ್ಟಿತು. ಕೆಂಪಾಗಿ ಉರಿಯುವಾಗ ವೈದ್ಯರು ಬರೆದ ಸ್ಟಿರಾಯ್ಡ್ ಮುಲಾಮು, ಅವರು ಹೇಳಿದಷ್ಟು ದಿನ ಮಾತ್ರ. ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಬಿಗಿ ಮಾಡಿದೆ. ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಒಂದು ಟ್ಯೂಬ್ ಕೊಡ್ರಿ' ಎಂದು ಕೇಳಿ ತರುವುದು ನಿಲ್ಲಲಿ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಅದು ಮೈತುಂಬ ಹರಡುತ್ತದೆ.

ಇಲ್ಲಿಯವರೆಗೆ ಮನೆಯವರಿಗೆ ಹೇಳಿದ್ದಾಯಿತು, ಈಗ ಜಿಲ್ಲಾಡಳಿತಕ್ಕೆ. ಚರ್ಮದ ವಿಭಾಗ ಇರುವ ಮೆಡಿಕಲ್ ಕಾಲೇಜಿಗೆ ಹೋಗಬೇಕೆಂದರೆ ನಮ್ಮವರು ಬಳ್ಳಾರಿ, ಕೊಪ್ಪಳ, ಗದಗ ಇಲ್ಲವೇ ದಾವಣಗೆರೆಯ ಬಸ್ಸು ಹತ್ತಬೇಕು. ಶಕ್ತಿ ಯೋಜನೆಯಿಂದ ತಾಯಿಗೆ ಟಿಕೆಟ್ ಇಲ್ಲ ಸರಿ, ಅವಳ ಒಂದು ದಿನದ ಕೂಲಿ ಕೊಡುವವರು ಯಾರು? ಐದೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಚರ್ಮರೋಗ ತಜ್ಞರು ಕೂರುವಂತಾಗಲಿ. ತೀವ್ರ ಇಸಬಿನ ಮಗುವಿಗೆ ವಾರಕ್ಕೆ ಕಾಲು ಕೆ.ಜಿ. ಜೆಲ್ಲಿ ಬೇಕಾಗುತ್ತದೆ, ಕೂಲಿ ಮಾಡುವವರಿಗೆ ಅದು ಹೊರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅದನ್ನು ದೊಡ್ಡ ಡಬ್ಬದಿಂದ ಅಳೆದು ಕೊಡುವ ವ್ಯವಸ್ಥೆ ಮಾಡಿ. ಅಂಗನವಾಡಿ ಕಾರ್ಯಕರ್ತೆಯರಿಗೆ, ಬಿಸಿಯೂಟದ ಅಡುಗೆಯವರಿಗೆ, ಶಿಕ್ಷಕರಿಗೆ ಈ ಮಾತುಗಳನ್ನು ಸ್ಪಷ್ಟವಾಗಿ ಹೇಳಿ: ಇಸಬು ಅಂಟುವುದಿಲ್ಲ, ಆ ಮಗುವನ್ನು ಬೇರೆ ಕೂರಿಸಬೇಡಿ, ವೈದ್ಯರ ಚೀಟಿ ಇಲ್ಲದೆ ಅದರ ಹಾಲು, ಮೊಟ್ಟೆ ನಿಲ್ಲಿಸಬೇಡಿ. ಮತ್ತು ಗ್ರಾಮ ಪಂಚಾಯಿತಿಗಳು ಶಾಲೆ, ಅಂಗನವಾಡಿಗಳ ಸುತ್ತಲಿನ ಕಾಂಗ್ರೆಸ್ ಕಸವನ್ನು ಮಳೆ ಬಿದ್ದು ಹೂ ಬಿಡುವ ಮೊದಲೇ ಕೀಳಿಸಲಿ. ಕೀಳುವವರಿಗೆ ಕೈಗವಸು, ತುಂಬು ತೋಳಿನ ಅಂಗಿ ಕೊಡಲಿ. ಮೈಯಲ್ಲಿ ಇಸಬು ಇರುವವರನ್ನಾಗಲೀ ಶಾಲೆ ಮಕ್ಕಳನ್ನಾಗಲೀ ಆ ಕೆಲಸಕ್ಕೆ ಹಚ್ಚಬಾರದು.